ಆಟಿಸಂ ಮಕ್ಕಳ ಆಂಗ್ಸೈಟಿ: ಎಕ್ಸ್‌ಪೋಶರ್ ಯಾವಾಗ ಮಾಡುದು, ಯಾವಾಗ ಬೇಡ

ಆಂಗ್ಸೈಟಿಗೆ, ಅಂದ್ರೆ ಮಿತಿಮೀರಿದ ಆತಂಕಕ್ಕೆ, ಸಿಬಿಟಿ ಅಂತ ಯೋಚನೆ, ವರ್ತನೆ ಬದಲಿಸುವ ಮಾತಿನ ಚಿಕಿತ್ಸೆ ಉಂಟು; ಅದ್ರಲ್ಲಿ ಹೆದರಿದ್ದನ್ನು ಸ್ವಲ್ಪ ಸ್ವಲ್ಪವೇ ಎದುರಿಸುದೇ ಎಕ್ಸ್‌ಪೋಶರ್. ಆಟಿಸಂ ಇರುವ ಮಕ್ಕಳು, ಟೀನೇಜರ್ಸ್ ಸೇರಿ, ಹತ್ರ ಹತ್ರ 40% ಜನಕ್ಕೆ ಒಂದಾದ್ರೂ ಆಂಗ್ಸೈಟಿ ಡಿಸಾರ್ಡರ್ ಇರ್ತದೆ ಅಂತ 2011ರ ಮೆಟಾ ಅನಾಲಿಸಿಸ್ (ತುಂಬ ಸ್ಟಡಿಗಳನ್ನು ಒಟ್ಟು ಸೇರಿಸಿ ನೋಡಿದ್ದು) ಹೇಳ್ತದೆ, ಅದ್ರಲ್ಲೂ ಸ್ಪೆಸಿಫಿಕ್ ಫೋಬಿಯಾ, ಅಂದ್ರೆ ಒಂದು ನಿರ್ದಿಷ್ಟ ವಿಷಯದ ವಿಪರೀತ ಹೆದರಿಕೆ, ಜಾಸ್ತಿ.

ತಲೆ ತಿನ್ನುದು ಇದು: ಸೆನ್ಸರಿ ತೊಂದ್ರೆಯಾ (ಶಬ್ದ, ಬೆಳಕು ಇಂಥದ್ದು ತಡ್ಕೊಳ್ಳಿಕ್ಕೆ ಆಗದ್ದು), ಹೆದರಿಕೆಯಾ? ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಹುಡುಗ ಕಿವಿ ಮುಚ್ಚಿ ಕಿರುಚ್ತಾನೆ ಅಂತ ಇಟ್ಕೊಳ್ಳಿ. ಹಾರ್ನು, ಕಂಡಕ್ಟರನ ವಿಸಿಲ್ ನಿಂತ ಕೂಡ್ಲೇ ತಣ್ಣಗಾಗ್ತಾನೆ, ಹೆಡ್‌ಫೋನ್ ಹಾಕಿದ್ರೆ ಆರಾಮ ಇರ್ತಾನೆ ಅಂದ್ರೆ ಅದು ಹೆಚ್ಚಾಗಿ ಸೆನ್ಸರಿ. ಹಿಂದಿನ ರಾತ್ರಿಯಿಂದ್ಲೇ "ನಾಳೆ ಬಸ್ಸಲ್ಲಾ ಹೋಗುದು?" ಅಂತ ಕೇಳಿ ಕೇಳಿ ಸುಸ್ತು ಮಾಡ್ತಾನೆ, ಭಾನುವಾರದ ಖಾಲಿ ಬಸ್ಸಿಗೂ ಹತ್ತುದಿಲ್ಲ ಅಂದ್ರೆ ಆಂಗ್ಸೈಟಿ. ನನ್ನ ಶಾರ್ಟ್‌ಕಟ್: ಶಬ್ದಕ್ಕೆ ಮೊದ್ಲೇ ಶುರುವಾಗ್ತದಾ ನೋಡಿ.

ಯಾಕೆ ಇಷ್ಟು ತಲೆ ಕೆಡಿಸ್ಕೊಳ್ಬೇಕು ಅಂದ್ರೆ, ಎಕ್ಸ್‌ಪೋಶರ್ ಕೆಲಸ ಮಾಡುದೇ "ನಾನು ಹೆದರಿದ್ದು ಆಗ್ಲೇ ಇಲ್ಲ" ಅಂತ ಮಗುವಿಗೆ ಅನುಭವಕ್ಕೆ ಬಂದಾಗ. ಶಬ್ದ ನಿಜವಾಗಿ ನೋಯಿಸ್ತದೆ ಅಂದ್ರೆ ಹೆದರಿದ್ದು ಪ್ರತೀ ಸಲವೂ ಆಗ್ತದಲ್ಲ ಮಾರಾಯ್ರೆ, ಮತ್ತೆ ಹೆದರಿಕೆ ಗಟ್ಟಿಯೇ ಆಗುದು. ಅಲ್ಲಿ ಶಬ್ದ ಕಡಿಮೆ ಮಾಡ್ಬೇಕು, ಅಭ್ಯಾಸ ಆಗ್ಲಿ ಅಂತ ನಿಲ್ಲಿಸುದಲ್ಲ. ಎರಡೂ ಒಟ್ಟಿಗೆ ಇರುದೇ ಜಾಸ್ತಿ, ಆಗ ಹೆಡ್‌ಫೋನ್ ತೆಗೀದೆ ಎಕ್ಸ್‌ಪೋಶರಿನ ಮೆಟ್ಟಿಲು ಒಂದೊಂದೇ ಹತ್ತಿಸುದು: ಬಸ್ಸಿನ ಫೋಟೋ, ದೂರ ನಿಂತು ನೋಡುದು, ಇಂಜಿನ್ ಆಫ್ ಇರುವಾಗ ಹತ್ತಿ ಇಳಿಯುದು, ಆಮೇಲೆ ಹಂಪನಕಟ್ಟೆಯಿಂದ ಜ್ಯೋತಿವರೆಗೆ ಸಣ್ಣ ಪ್ರಯಾಣ.

"ಎಷ್ಟು ಹೆದರಿಕೆ?" ಅಂತ ಕೇಳಿದ್ರೆ ತುಂಬ ಮಕ್ಕಳಿಗೆ ಹೇಳ್ಲಿಕ್ಕೆ ಬರುದಿಲ್ಲ. ಹೊಟ್ಟೆ ಹೇಗುಂಟು, ಕೈ ಬೆವರ್ತದಾ ಅಂತ ಕೇಳಿ, ಇಲ್ಲ ಬಣ್ಣದ ಕಾರ್ಡ್ ತೋರಿಸಿ. ಬಸ್ಸಿನ ರೂಟ್ ನಂಬರ್ ಬಾಯಿಪಾಠ ಇರುವ ಮಗು ಆದ್ರೆ ಮೆಟ್ಟಿಲಿಗೆ ಆ ನಂಬರನ್ನೇ ಕೊಡಿ. ಹೀಗೆ ಆಟಿಸಂಗೆ ಹೊಂದಿಸಿದ ಸಿಬಿಟಿಯನ್ನು ಮಾಮೂಲಿ ಸಿಬಿಟಿ ಜೊತೆ ಹೋಲಿಸಿದ 2020ರ ಟ್ರಯಲಲ್ಲಿ 7ರಿಂದ 13 ವರ್ಷದ 167 ಮಕ್ಕಳು ಇದ್ರು, ಹೊಂದಿಸಿದ್ದೇ ಮುಂದೆ ಬಂತು. ಅಪ್ಪ ಅಮ್ಮ ಸೆಷನಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ಮನೇಲಿ ಯಾರೂ ಮುಂದುವರಿಸುದಿಲ್ಲ.

ಟೀನೇಜರ್ಸಲ್ಲಿ ಸೋಷಿಯಲ್ ಆಂಗ್ಸೈಟಿ ಜೊತೆಗೆ ಅನಿಶ್ಚಿತತೆ ದೊಡ್ಡ ವಿಷಯ. ಜುಲೈ ಮಳೆಗೆ ಡಿಸಿ ರಜೆ ಕೊಡ್ತಾರಾ ಇಲ್ವಾ ಅಂತ ನಮಗೆ ಖುಷಿ, ಅವರಿಗೆ ನಿದ್ದೆ ಇಲ್ಲ. ರಜೆ ಇದ್ರೆ ಹೀಗೆ, ಇಲ್ಲದಿದ್ರೆ ಹೀಗೆ ಅಂತ ಎರಡು ಪ್ಲಾನ್ ರಾತ್ರಿಯೇ ಬರೆದಿಡಿ.

ಔಷಧ: ಎಸ್ಎಸ್ಆರ್‌ಐ (ಖಿನ್ನತೆ, ಆತಂಕಕ್ಕೆ ಕೊಡುವ ಒಂದು ಬಗೆಯ ಮಾತ್ರೆ) ಕೊಡ್ತಾರೆ, ಆದ್ರೆ ಈ ಮಕ್ಕಳ ಆಂಗ್ಸೈಟಿ ಮೇಲೆ ಸ್ಟಡಿ ಕಡಿಮೆ. ಸಿಟಾಲೊಪ್ರಾಮ್ ಅಂತ ಒಂದು ಎಸ್ಎಸ್ಆರ್‌ಐ, ಅದ್ರ 2009ರ ಟ್ರಯಲ್ ಪುನರಾವರ್ತಿತ ವರ್ತನೆಯದ್ದು (ಒಂದೇ ಕೆಲಸ ಮತ್ತೆ ಮತ್ತೆ ಮಾಡುದು), ಆಂಗ್ಸೈಟಿದಲ್ಲ, ಬೆರೆಸ್ಬೇಡಿ. ಅದ್ರಲ್ಲಿ ಪ್ಲಸೀಬೋಗಿಂತ (ಔಷಧ ಇಲ್ಲದ ಖಾಲಿ ಮದ್ದಿಗಿಂತ) ಲಾಭ ಕಾಣ್ಲಿಲ್ಲ, ಚಡಪಡಿಕೆ, ನಿದ್ದೆಗೇಡು ಮಾತ್ರ ಜಾಸ್ತಿ ಆಯ್ತು, ಅದಕ್ಕೇ ಸೈಕಿಯಾಟ್ರಿಸ್ಟ್‌ಗಳು ಸಣ್ಣ ಡೋಸಲ್ಲಿ ಶುರು ಮಾಡಿ ನಿಧಾನ ಏರಿಸುದು.