ನೋವು ಹೋಗಿದೆ, ಮಂಡಿ ಇನ್ನೂ ಬಂದಿಲ್ಲ

ಡಿಸೆಂಬರ್ ಬಂತೆಂದರೆ ಎರಡು ಬಗೆಯ ಜನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಾರೆ. ಅಡಿಕೆ ಸುಲಿದು ಸುಲಿದು ಕುತ್ತಿಗೆ, ಹೆಗಲು ಹಿಡಿದುಕೊಂಡ ಹೆಂಗಸರು ಒಂದು ಕಡೆ. ಕೊಯ್ಲಾದ ಗದ್ದೆಯಲ್ಲೋ ಹೊನಲು ಬೆಳಕಿನ ಪಂದ್ಯಾವಳಿಯಲ್ಲೋ ಫುಟ್‌ಬಾಲ್ ಆಡಿ ಮಂಡಿ ಕೆಡಿಸಿಕೊಂಡ ಹುಡುಗರು ಇನ್ನೊಂದು ಕಡೆ. ಹೆಂಗಸರಿಗೆ ನಾನು ಹೇಳುವುದು ಅರ್ಥವಾಗುತ್ತದೆ, ಮನೆಯಲ್ಲಿ ಕೆಲಸ ಬಿಡುವಂತಿಲ್ಲ, ಅಷ್ಟೇ. ಹುಡುಗರಿಗೆ ಬಿಡುವಿದೆ, ಅರ್ಥ ಮಾಡಿಕೊಳ್ಳುವ ಮನಸ್ಸಿಲ್ಲ. ಶಿವಮೊಗ್ಗದಲ್ಲಿ ಇಪ್ಪತ್ತೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಬಾಯಿ ಒಣಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಪ್ರಶ್ನೆ ಇದು: "ನೋವೇ ಇಲ್ಲ ಮೇಡಂ. ಇನ್ನು ಆಡಬಹುದಲ್ಲ?"

ಕೇಳುವವರಲ್ಲಿ ಹೆಚ್ಚಿನವರು ಸ್ಟ್ರೈಕರ್‌ಗಳು, ಮುಂದೆ ನಿಂತು ಗೋಲು ಹೊಡೆಯುವವರು. ಅದೇನು ಆಕಸ್ಮಿಕವೋ, ಅವರ ಸ್ವಭಾವವೋ ಹೇಳಲಾರೆ. ಗೋಲ್‌ಕೀಪರ್ ಒಬ್ಬ ಬಂದರೆ ಸುಮ್ಮನೆ ಮಂಚದ ಮೇಲೆ ಮಲಗಿ ಹೇಳಿದಷ್ಟು ಸಲ ಕಾಲೆತ್ತಿ ಹೋಗುತ್ತಾನೆ. ಸ್ಟ್ರೈಕರ್ ಮಾತ್ರ ಒಳಗೆ ಬರುವಾಗಲೇ ಮುಂದಿನ ಪಂದ್ಯದ ತಾರೀಖು ಬಾಯಲ್ಲಿಟ್ಟುಕೊಂಡು ಬರುತ್ತಾನೆ. ತಾನು ಕೂತಿರುವಾಗ ಇನ್ನೊಬ್ಬ ನಾಲ್ಕು ಗೋಲು ಹೊಡೆದರೆ ಒಂಬತ್ತನೇ ನಂಬರಿನ ಅಂಗಿ ಹೋಯಿತು ಎಂಬ ಭಯ ಅವನಿಗೆ. ಆ ಭಯ ಸುಳ್ಳಲ್ಲ ಎಂಬುದು ನನಗೂ ಗೊತ್ತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂದಿತಲ್ಲ, ಅಂದಿನಿಂದ ಭದ್ರಾವತಿ, ಶಿವಮೊಗ್ಗದ ಹುಡುಗರ ಅವಸರ ಇನ್ನೊಂದು ಸುತ್ತು ಹೆಚ್ಚಿದೆ. ಎಲ್ಲರಿಗೂ ರಾಜ್ಯದ ಅಂಗಿ ಬೇಕು. ಬೇಕಾದದ್ದೇ.

ನಾನು ಇಲ್ಲಿ ಹೇಳುತ್ತಿರುವುದು ಎಸಿಎಲ್ ಬಗ್ಗೆ. ಮಂಡಿಯ ಒಳಗೆ, ತೊಡೆಯ ಮೂಳೆಗೂ ಕಾಲಿನ ಮೂಳೆಗೂ ನಡುವೆ ಓರೆಯಾಗಿ ಕಟ್ಟಿಕೊಂಡಿರುವ, ಕಿರುಬೆರಳಿಗಿಂತ ಚಿಕ್ಕ ಅಸ್ಥಿರಜ್ಜು ಅದು. ಹರಿದ ಕತೆ ಎಲ್ಲರದೂ ಒಂದೇ. "ಯಾರೂ ಮುಟ್ಟಲೇ ಇಲ್ಲ ಮೇಡಂ, ತಿರುಗಿದೆ, ಒಳಗೆ ಟಪ್ ಎಂದಿತು." ನಿಜ, ಹೆಚ್ಚಿನ ಸಲ ಯಾರೂ ಮುಟ್ಟಿರುವುದಿಲ್ಲ. ಸ್ಟ್ರೈಕರ್‌ನ ಕಸುಬೇ ಪೂರ್ತಿ ವೇಗದಲ್ಲಿ ಓಡಿ ಗಕ್ಕನೆ ನಿಲ್ಲುವುದು, ಎದುರಿನವನಿಗೆ ಗೊತ್ತಾಗುವ ಮೊದಲೇ ದಿಕ್ಕು ಬದಲಿಸುವುದು. ಕಣ್ಣು ಚೆಂಡಿನ ಮೇಲೆ, ಮನಸ್ಸು ಆಫ್‌ಸೈಡ್ ಗೆರೆಯ ಮೇಲೆ. ಪಾದ ನೆಲದಲ್ಲಿ ಊರಿದೆ, ಮೈ ತಿರುಗಿದೆ, ಮಂಡಿ ಒಳಕ್ಕೆ ಬಾಗಿದೆ. ಆ ಕ್ಷಣದಲ್ಲಿ ಬೂಟಿನ ಮುಳ್ಳು ಕೂಳೆಯ ನಡುವೆ ಸಿಕ್ಕಿಕೊಂಡರೆ ಮುಗಿಯಿತು. ಕೆಲವೇ ಗಂಟೆಗಳಲ್ಲಿ ಮಂಡಿ ತೆಂಗಿನಕಾಯಿಯಂತೆ ಊದಿಕೊಳ್ಳುತ್ತದೆ. ಊದಿದ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಈಗೀಗ ಜನ ಇದನ್ನು ಒಪ್ಪುತ್ತಾರೆ.

ಒಪ್ಪದಿರುವುದು ಆಪರೇಷನ್ ಆದ ಮೇಲಿನ ಮಾತನ್ನು.

ಆಪರೇಷನ್ನಿನಲ್ಲಿ ಹರಿದ ರಜ್ಜುವನ್ನು ಹೊಲಿದರು ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ನಿಮ್ಮದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಎಳೆ ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು, ಹಳೆಯ ರಜ್ಜು ಇದ್ದ ಜಾಗದಲ್ಲಿ ಕೂರಿಸುತ್ತಾರೆ. ಅಂದರೆ ಅದು ನಾಟಿ. ಬೇರೆಡೆಯಿಂದ ಕಿತ್ತು ತಂದ ಎಳೆಗೆ ಆ ಹೊತ್ತಿನಲ್ಲಿ ರಕ್ತನಾಳವಿಲ್ಲ. ಮೊದಲ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ನಂತರದ ವಾರಗಳಲ್ಲಿ ಅದರೊಳಗಿನ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ನಿಧಾನವಾಗಿ ಒಳಹೊಕ್ಕುತ್ತವೆ, ಎಳೆ ಮೆತ್ತಗಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಹೊಸದಾಗಿ ನೇಯ್ದುಕೊಳ್ಳುತ್ತದೆ. ಎರಡನೆಯ, ಮೂರನೆಯ ತಿಂಗಳ ಸುಮಾರಿಗೆ ಅದು ಅತ್ಯಂತ ದುರ್ಬಲ. ಇದರಲ್ಲಿ ಬಹುಪಾಲು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದದ್ದು, ಮನುಷ್ಯರಲ್ಲಿ ಇಂಥದೇ ವಾರ ಎಂದು ಗೆರೆ ಎಳೆಯಲಾಗುವುದಿಲ್ಲ. ಒಬ್ಬೊಬ್ಬರ ಮೈ ಒಂದೊಂದು ತರಹ. ಆದರೆ ಕ್ರಮ ಇದೇ.

ಈಗ ನೋವಿನ ಲೆಕ್ಕ ನೋಡಿ. ಆರು ವಾರಕ್ಕೆ ಊತ ಇಳಿಯುತ್ತದೆ. ಎರಡು ತಿಂಗಳಿಗೆ ಹುಡುಗ ಬೈಕ್ ಹತ್ತುತ್ತಾನೆ. ಮೂರನೆಯ ತಿಂಗಳಿಗೆ ನೋವು ಎಂಬುದೇ ಇಲ್ಲ. ಒಳಗಿನ ಎಳೆ ಅತಿ ಮೆತ್ತಗಿರುವ ದಿನಗಳಲ್ಲೇ ಹೊರಗಿನ ಮಂಡಿ "ನಾನು ಸರಿಯಾಗಿದ್ದೇನೆ" ಎಂದು ಹೇಳುತ್ತಿರುತ್ತದೆ. ನೋವು ಹೇಳುವುದು ಊತದ ಸಮಾಚಾರವನ್ನು, ಗಾಯದ ಸಮಾಚಾರವನ್ನು. ಎಳೆ ಬೇರು ಬಿಟ್ಟಿತೋ ಇಲ್ಲವೋ ಎಂಬುದು ನೋವಿಗೆ ಗೊತ್ತಿಲ್ಲ. ಎಂಆರ್‌ಐ ತೆಗೆಸಿದರೂ ಅದೊಂದರಿಂದಲೇ ಆಡಲು ಅಪ್ಪಣೆ ಕೊಡುವಂತಿಲ್ಲ.

ತೋಟದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಅಡಿಕೆ ಸಸಿಯನ್ನು ಪಾತಿಯಲ್ಲಿ ವರ್ಷಕ್ಕೂ ಹೆಚ್ಚು ಸಾಕಿ, ಕಿತ್ತು ತಂದು ಗುಂಡಿಯಲ್ಲಿ ನೆಟ್ಟ ದಿನ ಅದು ಹಸಿರಾಗಿಯೇ ಇರುತ್ತದೆ. ಹಸಿರಾಗಿದೆ ಎಂದು ಯಾರಾದರೂ ಅದನ್ನು ಹಿಡಿದು ಜಗ್ಗಿ ನೋಡುತ್ತಾರೆಯೇ? ಪಡುವಣ ಬಿಸಿಲು ಹೊಡೆಯಬಾರದೆಂದು ಬಾಳೆ ಹಾಕುತ್ತಾರೆ, ಸೋಗೆ ಮುಚ್ಚುತ್ತಾರೆ, ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ಐದು ವರ್ಷ ಕಾಯುವ ಅಪ್ಪನೇ ಮಗನ ಮಂಡಿ ವಿಷಯಕ್ಕೆ ಬಂದಾಗ ನಾಲ್ಕನೆಯ ತಿಂಗಳಿಗೆ ಫೋನ್ ಮಾಡುತ್ತಾರೆ: "ಅಮ್ಮಾ, ಇನ್ನೂ ಎಷ್ಟು ದಿನ?"

ಹೆಸರು ಬೇಡ, ತೀರ್ಥಹಳ್ಳಿ ಕಡೆಯ ಹುಡುಗ. ಹತ್ತೊಂಬತ್ತು ವರ್ಷ. ಭದ್ರಾವತಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು, ಆಟ ಕಲಿತದ್ದೂ ಅಲ್ಲೇ. ಉಕ್ಕಿನ ಕಾರ್ಖಾನೆಯ ಸೈರನ್ ಕೇಳಿ ಬೆಳೆದ ಆ ಊರಿನ ಹಳಬರಿಗೆ ಫುಟ್‌ಬಾಲ್ ಎಂದರೆ ಇಂದಿಗೂ ಜೀವ. ಮಾವನಿಗಂತೂ ಅಳಿಯನೇ ಜಗತ್ತು. ಬೆಂಗಳೂರಿನ ಒಂದು ಕ್ಲಬ್ಬಿನವರು ಆಯ್ಕೆಗೆ ಕರೆದಿದ್ದರು. ಅಷ್ಟರಲ್ಲಿ ಎಡ ಮಂಡಿ ಹೋಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಹುಡುಗ ಶಿಸ್ತಿನವನು, ದಿನ ಬಿಟ್ಟು ದಿನ ಬಸ್ಸಿನಲ್ಲಿ ಬರುತ್ತಿದ್ದ. ನಾಲ್ಕನೆಯ ತಿಂಗಳಲ್ಲಿ ಒಂದು ವಾರ ಕಾಣಲಿಲ್ಲ. ಎಂಟನೆಯ ದಿನ ಮಾವ ಹೆಗಲು ಕೊಟ್ಟು ಕರೆತಂದರು.

"ಆಡಿದೆಯಾ?"

"ಇಲ್ಲ ಮೇಡಂ. ಪೆನಾಲ್ಟಿ ಹೊಡೆಯಲು ಮಾತ್ರ ಇಳಿದೆ. ಕೊನೆಯ ಹತ್ತು ನಿಮಿಷ."

ಮಾವ ಗೋಡೆಯ ಮೇಲಿದ್ದ ಸ್ನಾಯುಗಳ ಚಿತ್ರ ನೋಡುತ್ತಾ ನಿಂತಿದ್ದರು. ಎರಡು ಸಾವಿರ ರೂಪಾಯಿ ಮತ್ತು ಒಂದು ಸ್ಟೀಲ್ ಡಬ್ಬಿ ಬಹುಮಾನ ಬಂದಿತ್ತಂತೆ. ಪೆನಾಲ್ಟಿ ಗೋಲಾಗಿತ್ತು. ಆಮೇಲೆ ಆಟ ಮುಂದುವರಿದಾಗ ತನ್ನ ಕಡೆ ಬಂದ ಚೆಂಡಿಗೆ ಹುಡುಗ ತಿರುಗಿದ್ದ. ತಿರುಗಬೇಡ ಎಂದು ಸ್ಟ್ರೈಕರ್‌ಗೆ ಹೇಳಿದರೆ ಕಾಲು ಕೇಳುತ್ತದೆಯೇ? ನಾಟಿಯೂ ಹೋಯಿತು, ಜೊತೆಗೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಯೂ ಹರಿಯಿತು. ನಾನು ಆ ದಿನ ಇಬ್ಬರಿಗೂ ಬೈದೆ. ಸಂಜೆ ಮನೆಗೆ ಹೋದ ಮೇಲೆ ನನ್ನನ್ನೂ ಬೈದುಕೊಂಡೆ. ಹುಡುಗನಿಗೆ ಎಲ್ಲ ವಿವರಿಸಿದ್ದ ನಾನು ಮಾವನನ್ನು ಕೂರಿಸಿ ಒಂದು ದಿನವೂ ಹೇಳಿರಲಿಲ್ಲ.

ದೊಡ್ಡ ಆಟಗಾರರ ಉದಾಹರಣೆ ಕೊಟ್ಟರೆ ಹುಡುಗರು ಕೇಳುತ್ತಾರೆ. ಬ್ರೆಜಿಲ್‌ನ ರೊನಾಲ್ಡೊ (ಪೋರ್ಚುಗಲ್‌ನವನಲ್ಲ, ಇದನ್ನು ಈಗ ಮೊದಲೇ ಹೇಳಬೇಕಾಗಿದೆ) 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದ, ಯೊಕೊಹಾಮಾದ ಫೈನಲ್‌ನಲ್ಲಿ ಜರ್ಮನಿಯ ಮೇಲೆ ಎರಡು. ಆ ವಿಡಿಯೊ ಎಲ್ಲರ ಮೊಬೈಲ್‌ನಲ್ಲೂ ಇದೆ. ನಾನು ತೋರಿಸುವುದು ಅದಕ್ಕಿಂತ ಎರಡು ವರ್ಷ ಹಿಂದಿನದನ್ನು. 1999ರ ನವೆಂಬರ್‌ನಲ್ಲಿ ಇಂಟರ್ ಮಿಲಾನ್‌ಗೆ ಆಡುವಾಗ ಅವನ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಗಾಯಗೊಂಡಿತು. ಎಸಿಎಲ್ ಅಲ್ಲ, ಬೇರೆಯದು, ಆದರೆ ಪಾಠ ಬೇರೆಯಲ್ಲ. ಸುಮಾರು ಐದು ತಿಂಗಳ ನಂತರ, 2000ದ ಏಪ್ರಿಲ್ 12ರಂದು, ರೋಮ್‌ನಲ್ಲಿ ಲಾಜಿಯೊ ವಿರುದ್ಧ ಬದಲಿ ಆಟಗಾರನಾಗಿ ಇಳಿದ. ಕೆಲವೇ ನಿಮಿಷ. ಚೆಂಡಿನೊಂದಿಗೆ ಎದುರಾಳಿಯ ಕಡೆ ಓಡಿದ, ಕಾಲಾಡಿಸಿದ, ಮಂಡಿ ಮಡಿಸಿಹೋಯಿತು. ಆ ರಜ್ಜು ಪೂರ್ತಿ ಹರಿದಿತ್ತು. ಮುಂದಿನ ಇಡೀ ಋತು ಆಡಲಿಲ್ಲ. ಅವನ ವೈದ್ಯರು ಅವಸರ ಮಾಡಿದರು ಎನ್ನುವ ಅಧಿಕಾರ ನನಗಿಲ್ಲ, ನಾನು ಆ ಕೋಣೆಯಲ್ಲಿರಲಿಲ್ಲ. ಆದರೆ ಅಷ್ಟು ಹಣ, ಅಷ್ಟು ಜನ ತಜ್ಞರು ಸುತ್ತ ಇದ್ದ ಮಂಡಿಯೇ ಹಾಗಾದರೆ, ಪಂದ್ಯಕ್ಕೆ ಮುಂಚೆ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಇಳಿಯುವ ನಮ್ಮ ಮಂಡಿ?

ಇಂಗ್ಲೆಂಡಿನ ಅಲನ್ ಶಿಯರರ್‌ಗೂ ಎಸಿಎಲ್ ಹೋಗಿತ್ತು, 1992ರ ಡಿಸೆಂಬರ್‌ನಲ್ಲಿ. ಆ ಋತುವಿನ ಉಳಿದ ಭಾಗ ಪೂರ್ತಿ ಕೂತ. ಮುಂದಿನ ಋತುವಿನ ಲೀಗ್‌ನಲ್ಲಿ 31 ಗೋಲು, ಅದರ ಮುಂದಿನದರಲ್ಲಿ 34, ಜೊತೆಗೆ ಅವನ ಕ್ಲಬ್ ಬ್ಲ್ಯಾಕ್‌ಬರ್ನ್‌ಗೆ ಲೀಗ್ ಪ್ರಶಸ್ತಿ. ಕಾದರೆ ಎಲ್ಲರೂ ಶಿಯರರ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಡಚ್ ಆಟಗಾರ ಮಾರ್ಕೊ ವಾನ್ ಬಾಸ್ಟನ್ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಅನ್ನು ಮೂರು ಸಲ ಗೆದ್ದವನು. ಕಣಕಾಲಿಗೆ ಮತ್ತೆ ಮತ್ತೆ ಆಪರೇಷನ್ ಆಗಿ, 1993ರ ಮೇ ತಿಂಗಳಲ್ಲಿ ಕೊನೆಯ ಪಂದ್ಯ ಆಡುವಾಗ ಅವನಿಗೆ 28 ವರ್ಷ. ಎರಡು ವರ್ಷ ಕಾದೂ ಕಾಲು ಬರಲಿಲ್ಲ, ನಿವೃತ್ತನಾದ. ನಮ್ಮ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ 39 ವರ್ಷ, 94 ಗೋಲು. ಮರುವರ್ಷ ಮತ್ತೆ ಬಂದರು ಬಿಡಿ. ಸ್ಟ್ರೈಕರ್‌ನ ಆಯುಷ್ಯ ಇಷ್ಟೇ ಎಂದು ಹೇಳುವವರು ಯಾರು?

ಹಾಗಾದರೆ ಯಾವಾಗ ಆಡಬಹುದು? ಒಂಬತ್ತು ತಿಂಗಳಿಗೆ ಮೊದಲು ನಾನು ಮಾತೇ ಆಡುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಹೆಚ್ಚು ಕಾದಂತೆ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂದಿದೆ. ಆದರೆ ಕ್ಯಾಲೆಂಡರ್ ಒಂದೇ ಸಾಲದು, ಇಲ್ಲೇ ಎರಡನೆಯ ತಪ್ಪು ಆಗುವುದು. ಮನೆಯಲ್ಲಿ ಒಂಬತ್ತು ತಿಂಗಳು ಮಲಗಿ ಎದ್ದು ಬಂದವನಿಗೂ ಅಪ್ಪಣೆ ಇಲ್ಲ.

ನನ್ನ ಬಳಿ ದೊಡ್ಡ ಯಂತ್ರಗಳಿಲ್ಲ. ದರ್ಜಿಯ ಟೇಪು, ಸೀಮೆಸುಣ್ಣ, ಕೆಂಪು ಗಾರೆಯ ನೆಲ. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಗುರುತು ಹಾಕಿ ಎರಡೂ ತೊಡೆ ಅಳೆಯುತ್ತೇನೆ. ಆ ಹುಡುಗನ ಎಡ ತೊಡೆ ಮೂರು ಸೆಂಟಿಮೀಟರ್ ಸಣ್ಣಗಿತ್ತು. ಆಮೇಲೆ ಒಂಟಿ ಕಾಲಿನ ಜಿಗಿತ. ಒಳ್ಳೆಯ ಕಾಲಿನಲ್ಲಿ 162 ಸೆಂಟಿಮೀಟರ್ ಹಾರಿದ, ಆಪರೇಷನ್ ಆದ ಕಾಲಿನಲ್ಲಿ 121. ನೂರಕ್ಕೆ ಎಪ್ಪತ್ತೈದು. ಕನಿಷ್ಠ ತೊಂಬತ್ತು ಬೇಕು. ತೊಂಬತ್ತು ಬಂದರೂ ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ಇಷ್ಟು ತಿಂಗಳು ಆಡದೆ ಒಳ್ಳೆಯ ಕಾಲೂ ಸೊರಗಿರುತ್ತದೆ, ಸೊರಗಿದ್ದಕ್ಕೆ ಹೋಲಿಸಿದ ತೊಂಬತ್ತು ಅದು. ದೂರಕ್ಕಿಂತ ಹೆಚ್ಚಾಗಿ ನಾನು ನೋಡುವುದು ನೆಲಕ್ಕೆ ಇಳಿಯುವ ರೀತಿಯನ್ನು. ಮಂಡಿ ಪಾದದ ನೇರಕ್ಕೆ ನಿಂತಿತೋ, ಒಳಕ್ಕೆ ವಾಲಿತೋ? ಇಳಿದ ಮೇಲೆ ಮುಖ ನನ್ನ ಕಡೆ ತಿರುಗಿತೋ, ಕಾಲಿನ ಕಡೆಯೋ? ಕಾಲನ್ನೇ ನೋಡುತ್ತಿದ್ದರೆ ಅವನಿಗಿನ್ನೂ ಅದರ ಮೇಲೆ ನಂಬಿಕೆ ಬಂದಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತೇನೆ.

ಎರಡನೆಯ ಆಪರೇಷನ್ ಆಗಿ ಈಗ ಹತ್ತು ತಿಂಗಳು. ಕಳೆದ ವಾರ ಅಳೆದೆವು, ಒಳ್ಳೆಯ ಕಾಲು 158, ಇನ್ನೊಂದು 144. ಮಾವ ಬಾಗಿಲಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. "ತೊಂಬತ್ತೊಂದು" ಎಂದು ನನಗಿಂತ ಮೊದಲೇ ಹೇಳಿದರು. ಈಗ ಅವರಿಗೆ ಎಲ್ಲ ಗೊತ್ತು. ಆದರೂ ಹುಡುಗ ಇಳಿಯುವಾಗ ಕೆಳಗೆ ನೋಡುತ್ತಾನೆ. ಚೆಂಡಿಲ್ಲದೆ ಓಟ, ಆಮೇಲೆ ಚೆಂಡಿನೊಂದಿಗೆ, ಆಮೇಲೆ ತಂಡದ ಜೊತೆ ಅಭ್ಯಾಸ, ಆಮೇಲೆ ಆಪರೇಷನ್ ಮಾಡಿದ ವೈದ್ಯರ ಮಾತು ಕೇಳಿ ಪಂದ್ಯ. ಮಳೆ ಹಿಡಿಯುವ ಮೊದಲು ಸಾಧ್ಯವಾದೀತು, ಆಗದೆಯೂ ಇದ್ದೀತು.

ನೀವು ಬರುವುದಾದರೆ ಆಪರೇಷನ್ನಿನ ಚೀಟಿ, ಆಡುವ ಚಡ್ಡಿ, ಬೂಟು ತನ್ನಿ. ಪರೀಕ್ಷೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮನೆಯಲ್ಲಿ ನಿಮಗಿಂತ ಹೆಚ್ಚು ಅವಸರದಲ್ಲಿರುವವರು ಯಾರೋ, ಅವರನ್ನೂ ಕರೆತನ್ನಿ. ಹೊರಗಿನ ಬೆಂಚಿನ ಮೇಲಲ್ಲ, ಒಳಗೇ ಕುರ್ಚಿ ಹಾಕಿಸಿದ್ದೇನೆ.