ಪೊಲೀಸ್ ಕಸ್ಟಡಿ ಇನ್ನು 15 ದಿನವೋ, 90 ದಿನವೋ?

ಓದುಗರ ಪ್ರಶ್ನೆ: ಹೊಸ ಕ್ರಿಮಿನಲ್ ಕಾನೂನುಗಳು ಬಂದ ಮೇಲೆ ಪೊಲೀಸರು ಬಂಧಿತರನ್ನು 60 ಅಥವಾ 90 ದಿನಗಳವರೆಗೆ ತಮ್ಮ ವಶದಲ್ಲೇ ಇಟ್ಟುಕೊಳ್ಳಬಹುದು ಎನ್ನುತ್ತಾರೆ. ಇದು ನಿಜವೇ? ನಿಜವಾದರೆ ಸಂಸತ್ತಿನಲ್ಲಿ ಇದನ್ನು ಯಾರೂ ಪ್ರಶ್ನಿಸಲಿಲ್ಲವೇ?

ಮೊದಲ ಪ್ರಶ್ನೆಗೆ ಉತ್ತರ: ನಿಜವಲ್ಲ. ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಆರೋಪಿಯನ್ನು ಪೊಲೀಸ್ ಕಸ್ಟಡಿಗೆ ಒಪ್ಪಿಸಬಹುದಾದ ಅವಧಿ ಈಗಲೂ ಒಟ್ಟು 15 ದಿನ. ಬದಲಾಗಿರುವುದು ಆ 15 ದಿನಗಳನ್ನು ಯಾವಾಗ ಬಳಸಿಕೊಳ್ಳಬಹುದು ಎಂಬ ಲೆಕ್ಕ. ಹಾಗೆಂದು 90 ದಿನದ ಮಾತು ಬರೀ ವದಂತಿಯೂ ಅಲ್ಲ. ಕಾಯ್ದೆಯ ಪಠ್ಯವೇ ಅದಕ್ಕೆ ಎಡೆಮಾಡಿಕೊಟ್ಟಿದೆ, ಮತ್ತು ಅದನ್ನು ಸರಿಪಡಿಸುವ ಅವಕಾಶ ಸಂಸತ್ತಿನ ಕೈಯಲ್ಲೇ ಇತ್ತು.

ಬಂಧಿಸಿದ 24 ಗಂಟೆಗಳೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೇ ವಿಧಿಯ ಕಟ್ಟಳೆ. ಅಲ್ಲಿಂದ ಮುಂದೆ ಎರಡು ದಾರಿಗಳಿವೆ. ಒಂದು ಪೊಲೀಸ್ ಕಸ್ಟಡಿ, ಅಂದರೆ ಆರೋಪಿಯು ತನಿಖಾಧಿಕಾರಿಯ ವಶದಲ್ಲಿ ಠಾಣೆಯಲ್ಲಿ ಇದ್ದು ವಿಚಾರಣೆಗೆ ಒಳಗಾಗುವುದು. ಇನ್ನೊಂದು ನ್ಯಾಯಾಂಗ ಬಂಧನ, ಅಂದರೆ ನ್ಯಾಯಾಲಯದ ಅಧೀನದಲ್ಲಿ ಜೈಲಿನಲ್ಲಿ ಇರುವುದು. ಹೊರಗಿನವರಿಗೆ ಎರಡೂ ಸೆರೆಯೇ. ಒಳಗಿರುವವನಿಗೆ ಮಾತ್ರ ಎರಡೂ ಒಂದೇ ಅಲ್ಲ. ಪೊಲೀಸರ ಎದುರು ನೀಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯವು ಸಾಕ್ಷ್ಯವೆಂದು ಒಪ್ಪುವುದಿಲ್ಲ ಎಂಬ ಹಳೆಯ ನಿಯಮವನ್ನು ಹೊಸ ಸಾಕ್ಷ್ಯ ಅಧಿನಿಯಮವೂ 23ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಠಾಣೆಯ ಗೋಡೆಗಳ ನಡುವೆ ಬಂದ ಮಾತು ಸ್ವಇಚ್ಛೆಯದೇ ಎಂದು ನಂಬಲು ಕಾನೂನೇ ಸಿದ್ಧವಿಲ್ಲದಿರುವಾಗ, ಆ ಗೋಡೆಗಳ ನಡುವೆ ಎಷ್ಟು ದಿನ ಎಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಂ ಪ್ರಕಾರ ಪೊಲೀಸ್ ಕಸ್ಟಡಿಗೆ 15 ದಿನಗಳ ಮಿತಿ ಇತ್ತು. ಅದಕ್ಕೂ ಮೀರಿ ಬಂಧನ ಮುಂದುವರಿಯಬೇಕಾದರೆ ಅದು ‘ಪೊಲೀಸ್ ಕಸ್ಟಡಿಯಲ್ಲಲ್ಲದೆ’ ಬೇರೆ ಬಗೆಯದಾಗಿರಬೇಕು ಎಂದು ಆ ಕಲಂ ಸ್ಪಷ್ಟವಾಗಿ ಹೇಳುತ್ತಿತ್ತು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳು ಬರುವುದು ಇಲ್ಲಿ: ಅಷ್ಟರೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ತಾನಾಗಿ ಒದಗುತ್ತದೆ. ಅನುಪಮ್ ಕುಲಕರ್ಣಿ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಕಸ್ಟಡಿಯನ್ನು ಮೊದಲ 15 ದಿನಗಳಲ್ಲೇ ಪಡೆಯಬೇಕು, ಆಮೇಲೆ ಅದೇ ಪ್ರಕರಣದಲ್ಲಿ ಕೇಳುವಂತಿಲ್ಲ ಎಂದು ಹೇಳಿತು. ಸುಮಾರು ಮೂರು ದಶಕ ನ್ಯಾಯಾಲಯಗಳು ಬಹುಮಟ್ಟಿಗೆ ಇದನ್ನೇ ಅನುಸರಿಸಿದವು.

ತನಿಖಾ ಸಂಸ್ಥೆಗಳ ದೂರಿಗೂ ಆಧಾರವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಕಸ್ಟಡಿಗೆ ಒಪ್ಪಿಸಿದ ಬೆನ್ನಿಗೇ ಆರೋಪಿ ಆಸ್ಪತ್ರೆ ಸೇರಿದರೆ 15 ದಿನಗಳು ಅಲ್ಲೇ ಕಳೆದು ಹೋಗಿ, ವಿಚಾರಣೆಯೇ ನಡೆಯದೆ ಅವಧಿ ಮುಗಿಯುತ್ತಿತ್ತು. ತಮಿಳುನಾಡಿನ ಸಚಿವರಾಗಿದ್ದ ಸೆಂಥಿಲ್ ಬಾಲಾಜಿ ಅವರ ಪ್ರಕರಣದಲ್ಲಿ 2023ರ ಆಗಸ್ಟ್ 7ರಂದು ಸುಪ್ರೀಂ ಕೋರ್ಟ್, ಈ 15 ದಿನಗಳನ್ನು ತನಿಖೆಯ ಇಡೀ ಅವಧಿಯಲ್ಲಿ ಹಂಚಿಕೊಳ್ಳಬಹುದು ಎಂಬ ಅಭಿಪ್ರಾಯಕ್ಕೆ ಬಂದು, 1992ರ ತೀರ್ಪಿನ ಮರುಪರಿಶೀಲನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಅದಾಗಿ ನಾಲ್ಕೇ ದಿನಕ್ಕೆ, ಆಗಸ್ಟ್ 11ರಂದು, ಗೃಹ ಸಚಿವ ಅಮಿತ್ ಶಾ ಅವರು ಲೋಕಸಭೆಯಲ್ಲಿ ಮೂರು ಮಸೂದೆಗಳನ್ನು ಮಂಡಿಸಿದರು.

ಅವುಗಳಲ್ಲೊಂದಾದ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಎರಡನೇ ಉಪಕಲಂ, ಒಟ್ಟು 15 ದಿನ ಮೀರದಂತೆ, ಒಮ್ಮೆಲೇ ಅಥವಾ ಕಂತುಗಳಲ್ಲಿ, ಬಂಧನಾವಧಿ 60 ದಿನವಾದರೆ ಮೊದಲ 40 ದಿನಗಳಲ್ಲಿ, 90 ದಿನವಾದರೆ ಮೊದಲ 60 ದಿನಗಳಲ್ಲಿ ಯಾವಾಗ ಬೇಕಾದರೂ ಕಸ್ಟಡಿಗೆ ಒಪ್ಪಿಸಬಹುದು ಎನ್ನುತ್ತದೆ. ಇಷ್ಟೇ ಆಗಿದ್ದರೆ ಗೊಂದಲವಿರುತ್ತಿರಲಿಲ್ಲ. ಮೂರನೇ ಉಪಕಲಂ, 15 ದಿನ ಮೀರಿದ ಬಂಧನದ ಬಗ್ಗೆ ಹೇಳುವಾಗ, ‘ಪೊಲೀಸ್ ಕಸ್ಟಡಿಯಲ್ಲಲ್ಲದೆ’ ಎಂಬ ಹಳೆಯ ಮಾತನ್ನು ಕೈಬಿಟ್ಟಿದೆ. 90 ದಿನಗಳ ಆತಂಕ ಹುಟ್ಟಿದ್ದು ಬಿಟ್ಟುಹೋದ ಈ ಮಾತಿನಿಂದ. ಒಂದು ಕಾಯ್ದೆಯಲ್ಲಿದ್ದ ಪದಗಳನ್ನು ಅದರ ಜಾಗಕ್ಕೆ ಬಂದ ಕಾಯ್ದೆ ಬಿಟ್ಟರೆ, ಅದನ್ನು ಉದ್ದೇಶಪೂರ್ವಕವೆಂದು ವಾದಿಸಲು ವಕೀಲರಿಗೆ ದಾರಿ ತೆರೆಯುತ್ತದೆ.

ಇನ್ನು ಎರಡನೇ ಪ್ರಶ್ನೆ. ಪ್ರಶ್ನಿಸಿದವರಿದ್ದರು. ಮಸೂದೆಗಳನ್ನು ಪರಿಶೀಲಿಸಿದ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಅಧ್ಯಕ್ಷರಾಗಿದ್ದವರು ಆಡಳಿತ ಪಕ್ಷದವರೇ ಆದ, ಹಿಂದೆ ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಬ್ರಿಜ್ ಲಾಲ್. ಆ ಸಮಿತಿಯೇ 2023ರ ನವೆಂಬರಿನ ವರದಿಯಲ್ಲಿ ಈ ಕಲಂ ದುರ್ಬಳಕೆಯಾಗಬಹುದೆಂಬ ಆತಂಕವನ್ನು ದಾಖಲಿಸಿತು. ಆರೋಪಿಯ ನಡವಳಿಕೆಯಿಂದಲೋ ತನಿಖಾಧಿಕಾರಿಯ ಕೈಮೀರಿದ ಸಂದರ್ಭದಿಂದಲೋ ಮೊದಲ 15 ದಿನಗಳಲ್ಲಿ ಕಸ್ಟಡಿ ಸಿಗದಿದ್ದಾಗ ಮಾತ್ರ ಆಮೇಲೆ ಕೇಳಬಹುದು ಎಂಬ ಸ್ಪಷ್ಟನೆ ಪಠ್ಯದಲ್ಲಿಲ್ಲವೆಂದು ಗುರುತಿಸಿ, ಅರ್ಥ ತಿಳಿಯಾಗುವಂತೆ ತಿದ್ದುಪಡಿ ತರಬೇಕೆಂದು ಶಿಫಾರಸು ಮಾಡಿತು. ವಿರೋಧ ಪಕ್ಷಗಳ ಹಲವು ಸದಸ್ಯರು ವರದಿಗಳಿಗೆ ಭಿನ್ನಮತದ ಟಿಪ್ಪಣಿಗಳನ್ನು ಸಲ್ಲಿಸಿದರು.

ಡಿಸೆಂಬರಿನಲ್ಲಿ ಸರ್ಕಾರ ಹಳೆಯ ಮಸೂದೆಗಳನ್ನು ಹಿಂಪಡೆದು ಪರಿಷ್ಕೃತ ಮಸೂದೆಗಳನ್ನು ತಂದಿತು. ಆದರೆ ಕೊನೆಗೆ ಕಾನೂನಾದ ಪಠ್ಯದಲ್ಲಿ ಸಮಿತಿ ಕೇಳಿದ ಸ್ಪಷ್ಟನೆ ಇಲ್ಲ. ಸದನದಲ್ಲಿ ಅದನ್ನು ಮತ್ತೆ ಎತ್ತಬೇಕಾದವರ ಪೈಕಿ ಅನೇಕರು ಆಗ ಸದನದಲ್ಲಿ ಇರಲಿಲ್ಲ: ಡಿಸೆಂಬರ್ 13ರ ಸಂಸತ್ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆಗೆ ಪಟ್ಟು ಹಿಡಿದು ನಡೆಸಿದ ಪ್ರತಿಭಟನೆಯ ಕಾರಣದಿಂದ ಆ ಅಧಿವೇಶನದಲ್ಲಿ ಎರಡೂ ಸದನಗಳ ಒಟ್ಟು 146 ಸದಸ್ಯರು ಅಮಾನತಾದರು. ಲೋಕಸಭೆ ಡಿಸೆಂಬರ್ 20ರಂದು, ರಾಜ್ಯಸಭೆ ಮರುದಿನ, ಧ್ವನಿಮತದಿಂದ ಮಸೂದೆಗಳಿಗೆ ಒಪ್ಪಿಗೆ ನೀಡಿದವು. ಅಮಾನತು ಸರಿಯೋ ತಪ್ಪೋ ಎಂಬ ವಾದ ಒತ್ತಟ್ಟಿಗಿರಲಿ; ಒಂದು ಸಾಲಿನ ತಿದ್ದುಪಡಿಯಿಂದ ಮುಗಿಯಬಹುದಾಗಿದ್ದ ಅನುಮಾನ ಅರ್ಧ ಖಾಲಿ ಸದನವನ್ನು ದಾಟಿ ನ್ಯಾಯಾಲಯಗಳ ಹೆಗಲೇರಿತು ಎಂಬುದು ನನ್ನ ಅಭಿಪ್ರಾಯ.

ಕಾನೂನು ಜಾರಿಗೆ ಬಂದ ದಿನವೇ, 2024ರ ಜುಲೈ 1ರಂದು, ಕಸ್ಟಡಿಯ ಗರಿಷ್ಠ ಮಿತಿ 15 ದಿನವೇ ಎಂದು ಅಮಿತ್ ಶಾ ಅವರು ಸುದ್ದಿಗಾರರ ಎದುರು ಸ್ಪಷ್ಟಪಡಿಸಿ, ಆಸ್ಪತ್ರೆಯ ಉದಾಹರಣೆಯನ್ನೇ ಕೊಟ್ಟರು. ಸಚಿವರ ಮಾತು ಕಾಯ್ದೆಯ ಭಾಗವಾಗುವುದಿಲ್ಲ. ಆದರೆ ಕರ್ನಾಟಕ ಹೈಕೋರ್ಟ್ ಕೂಡ 2024ರಲ್ಲಿ ಈ ಕಲಮನ್ನು ಇದೇ ರೀತಿ ಓದಿ, 10 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ಒಟ್ಟು 15 ದಿನಗಳ ಪೊಲೀಸ್ ಕಸ್ಟಡಿಯನ್ನು ಮೊದಲ 40 ದಿನಗಳೊಳಗೆ ಪಡೆಯಬೇಕೆಂದು ಹೇಳಿತು. (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎಯಂಥ ವಿಶೇಷ ಕಾಯ್ದೆಯ ಲೆಕ್ಕ ಬೇರೆ, ಅಲ್ಲಿ ಪೊಲೀಸ್ ಕಸ್ಟಡಿಯ ಮಿತಿ 30 ದಿನ.)

ದಿನಗಳ ಸಂಖ್ಯೆ ಹೆಚ್ಚದಿದ್ದರೂ ಆರೋಪಿಯ ಸ್ಥಿತಿ ಬದಲಾಗಿದೆ. ಮೊದಲು 16ನೇ ದಿನಕ್ಕೆ ಜೈಲು ಸೇರಿದವನು ಮತ್ತೆ ಠಾಣೆಗೆ ಹೋಗುವ ಭಯವಿಲ್ಲದೆ ಜಾಮೀನಿಗೆ ಅರ್ಜಿ ಹಾಕುತ್ತಿದ್ದ. ಈಗ ಐದು ದಿನ ಮಾತ್ರ ಕಸ್ಟಡಿಯಲ್ಲಿದ್ದು ಜೈಲಿಗೆ ಬಂದವನ ತಲೆಯ ಮೇಲೆ ಉಳಿದ ಹತ್ತು ದಿನಗಳು 40ನೇ ಅಥವಾ 60ನೇ ದಿನದವರೆಗೆ ತೂಗುತ್ತಿರುತ್ತವೆ. ಮೊದಲ 15 ದಿನಗಳ ನಂತರದ ಪೊಲೀಸ್ ಕಸ್ಟಡಿಗೆ ಬೇಕಾಗಬಹುದು ಎಂಬುದೊಂದೇ ಜಾಮೀನು ನಿರಾಕರಿಸಲು ಸಾಕಾಗದು ಎಂದು ಇದೇ ಸುರಕ್ಷಾ ಸಂಹಿತೆಯ 480ನೇ ಕಲಂ ಹೇಳುತ್ತದೆ. ಆದ್ದರಿಂದ ಜಾಮೀನು ಕೇಳುವ ವಕೀಲರು ಈ ಕಲಮನ್ನು ಎತ್ತಿ ಹೇಳುವುದರ ಜೊತೆಗೆ, ಪೊಲೀಸರು ಮತ್ತೆ ಕಸ್ಟಡಿ ಕೇಳಿದಾಗಲೆಲ್ಲ ಈವರೆಗೆ ಎಷ್ಟು ದಿನ ಬಳಕೆಯಾಗಿದೆ, ಉಳಿದ ದಿನಗಳು ಈಗೇಕೆ ಬೇಕು ಎಂಬುದನ್ನು ಮ್ಯಾಜಿಸ್ಟ್ರೇಟರ ಆದೇಶದಲ್ಲೇ ಬರೆಯಿಸಿಕೊಳ್ಳುವುದು ಒಳ್ಳೆಯದು.