ಮೊದಲ ಡೋಸ್ ಎಷ್ಟು, ಮುಂದಿನವರಿಗೆ ಯಾವಾಗ?

ಹೊಸ ಔಷಧವನ್ನು ಮೊದಲ ಸಲ ಮನುಷ್ಯರಿಗೆ ಕೊಡುವಾಗ ಬಹುಕಾಲ ನಡೆದುಬಂದ ಲೆಕ್ಕ ಸರಳ. ಪ್ರಾಣಿಗಳಿಗೆ ತೊಂದರೆ ಮಾಡದ ಗರಿಷ್ಠ ಪ್ರಮಾಣವನ್ನು ದೇಹದ ಮೇಲ್ಮೈಗೆ ತಕ್ಕಂತೆ ಇಳಿಸುವುದು (ಮಂಗವಾದರೆ 3.1ರಿಂದ ಭಾಗಿಸಬೇಕು), ಸುರಕ್ಷತೆಗೆಂದು ಮತ್ತೆ 10ರಿಂದ ಭಾಗಿಸುವುದು.

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದ ಟಿಜಿಎನ್1412 ಎಂಬ ಪ್ರತಿಕಾಯ (ಆ್ಯಂಟಿಬಾಡಿ) ಔಷಧದ ಪ್ರಯೋಗದಲ್ಲಿ ಈ ಲೆಕ್ಕ ಕೈಕೊಟ್ಟಿತು. ಮಂಗಗಳು ಕಿಲೋ ತೂಕಕ್ಕೆ 50 ಮಿ.ಗ್ರಾಂ ತಾಳಿಕೊಂಡಿದ್ದವು. ಸೂತ್ರದಂತೆ ಮನುಷ್ಯರಿಗೆ ಕಿಲೋಗೆ 1.6 ಮಿ.ಗ್ರಾಂ ಕೊಡಬಹುದಿತ್ತು, ಕೊಟ್ಟದ್ದು 0.1 ಮಾತ್ರ. ಆದರೂ ಔಷಧ ಪಡೆದ ಆರೂ ಸ್ವಯಂಸೇವಕರಿಗೆ ಸುಮಾರು ಒಂದೂವರೆ ಗಂಟೆಯೊಳಗೆ ತಲೆನೋವು, ಜ್ವರ, ವಾಂತಿ ಶುರುವಾಯಿತು. ಆಮೇಲೆ ಅಂಗಾಂಗಗಳೇ ಸೋತು ಆರೂ ಜನ ಐಸಿಯು ಸೇರಿದರು. ಜೀವ ಉಳಿದದ್ದೇ ದೊಡ್ಡದು.

ಆ ಪ್ರತಿಕಾಯ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಮೇಲಿರುವ, ಅವನ್ನು ಎಬ್ಬಿಸುವ ಗುಂಡಿಯಂಥ ಸಿಡಿ28 ರಿಸೆಪ್ಟರನ್ನು ನೇರವಾಗಿ ಕೆರಳಿಸುತ್ತಿತ್ತು. ಮಂಗಗಳ ಎಫೆಕ್ಟರ್ ಮೆಮೊರಿ ಟಿ ಕೋಶಗಳ (ಹಿಂದಿನ ಸೋಂಕನ್ನು ನೆನಪಿಟ್ಟು ಬೇಗ ದಾಳಿಗಿಳಿಯುವ ಕೋಶಗಳ) ಮೇಲೆ ಸಿಡಿ28 ಇರಲಿಲ್ಲ, ಮನುಷ್ಯರಲ್ಲಿತ್ತು. ಉತ್ತರವನ್ನೇ ಕೊಡಲಾಗದ ಪ್ರಾಣಿಯ ಮುಂದೆ ಪ್ರಶ್ನೆ ಇಟ್ಟಂತಾಯಿತು. ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ಅಣುಗಳಿಗೆ ಈಗ ಲೆಕ್ಕ ತಿರುವುಮುರುವು: ಮನುಷ್ಯರ ಕೋಶಗಳಲ್ಲಿ ಪರಿಣಾಮ ಕಾಣತೊಡಗುವ ಕನಿಷ್ಠ ಪ್ರಮಾಣದಿಂದ ಡೋಸ್ ಹುಡುಕುತ್ತಾರೆ. ಇದೇ ಪ್ರತಿಕಾಯವನ್ನು ಮುಂದೆ ಟಿಎಬಿ08 ಎಂಬ ಹೆಸರಿನಲ್ಲಿ ಸಾವಿರ ಪಟ್ಟು ಕಡಿಮೆ, ಅಂದರೆ ಕಿಲೋಗೆ 0.1 ಮೈಕ್ರೋಗ್ರಾಂನಿಂದ ಆರಂಭಿಸಿ ಪರೀಕ್ಷಿಸಿದಾಗ ಆ ಅನಾಹುತ ಮರುಕಳಿಸಲಿಲ್ಲ.

ಡೋಸಿನಷ್ಟೇ ಮುಖ್ಯವಾದದ್ದು ಅಂತರ. ಲಂಡನ್ನಿನಲ್ಲಿ ಒಬ್ಬರಿಂದ ಒಬ್ಬರಿಗೆ ಸುಮಾರು 10 ನಿಮಿಷ ಬಿಟ್ಟಿದ್ದರು. ಮೊದಲನೆಯವರಲ್ಲಿ ಲಕ್ಷಣ ಕಾಣುವಷ್ಟರಲ್ಲಿ ಎಲ್ಲರ ಮೈಗೂ ಔಷಧ ಸೇರಿತ್ತು. ಮೊದಲ ದಿನ ಒಬ್ಬರಿಗೆ ಔಷಧ, ಒಬ್ಬರಿಗೆ ಪ್ಲಸೀಬೊ (ಔಷಧವಿಲ್ಲದ ಹುಸಿ ಡೋಸ್) ಕೊಟ್ಟು, ಕನಿಷ್ಠ 24 ಗಂಟೆ ಕಾದು ಮುಂದುವರಿಯುವುದು ಸರಿಯಾದ ಕ್ರಮ. ಪರಿಣಾಮ ತಡವಾಗಿ ಕಾಣುವ ಅಣುವಾದರೆ ಇನ್ನೂ ಹೆಚ್ಚು ಕಾಯಬೇಕು.

ಕಾಯುವುದಕ್ಕೆ ದುಡ್ಡು ಬೇಕು. ಹಾಸಿಗೆ, ಸಿಬ್ಬಂದಿ, ಪ್ರಯೋಗಾಲಯ ಎಲ್ಲಕ್ಕೂ ದಿನದ ಲೆಕ್ಕದಲ್ಲಿ ಖರ್ಚು. ಒಂದೇ ಅಣುವನ್ನು ನಂಬಿದ ಸಣ್ಣ ಕಂಪನಿಗೆ ಹೂಡಿಕೆದಾರರ ಮುಂದಿನ ಕಂತು ಈ ಹಂತದ ಫಲಿತಾಂಶ ನೋಡಿಯೇ ಬರುವುದು. ಹಾಗಾಗಿ ಪ್ರಯೋಗ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಪ್ರಯೋಗದ ಲಿಖಿತ ಯೋಜನೆಯಾದ ಪ್ರೋಟೋಕಾಲ್‌ನಲ್ಲಿ ಬರೆದಿಡಬೇಕು. ನಿಲ್ಲಿಸುವ ಅಧಿಕಾರ ಯೋಜನೆಯ ಗಡುವಿಗೆ ಹೊಣೆಯಾದವರ ಕೈಯಲ್ಲಿ ಇರಲೇಬಾರದು.

2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಬೇರೊಂದು ಹೊಸ ಔಷಧದ ಪ್ರಯೋಗ ನಡೆದಾಗ ಒಬ್ಬ ಸ್ವಯಂಸೇವಕ ಸಂಜೆ ಆಸ್ಪತ್ರೆ ಸೇರಿದರೂ ಮರುದಿನ ಬೆಳಿಗ್ಗೆ ಉಳಿದವರಿಗೆ ಅದೇ ಔಷಧ ಕೊಟ್ಟರು. ಆಸ್ಪತ್ರೆ ಸೇರಿದಾತ ಬದುಕಲಿಲ್ಲ. ಒಬ್ಬರು ಹಾಸಿಗೆ ಹಿಡಿದರೆ ಕಾರಣ ತಿಳಿಯುವವರೆಗೆ ಡೋಸ್ ನಿಲ್ಲಬೇಕು. ಉಳಿದವರಿಗೆ ನಡೆದದ್ದನ್ನು ತಿಳಿಸಿ, ಲಿಖಿತ ಒಪ್ಪಿಗೆಯನ್ನು ಹೊಸದಾಗಿ ಪಡೆದ ಮೇಲಷ್ಟೇ ಮುಂದಿನ ಮಾತು.